ರಶಿಯಾದ ಗೆನ್ನಪ್ಪನಿಗೆ ಶ್ರದ್ಧಾಂಜಲಿ

ಬದುಕಿದ್ದ ಗೆಳೆಯನನ್ನು ಸಾಯಿಸಬೇಕೆಂಬ ಉದ್ದೇಶ ಪಂಚಾಕ್ಷರಿಗೆ ಎಳ್ಳಷ್ಟೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಕ್ಕರೆ ಚೀಲಕ್ಕೆ ಇರುವೆ ಹತ್ತಿದರೂ ಅವುಗಳನ್ನು ಕೊಲ್ಲದೆ, ಕಸಬರಿಗೆಯ ತುದಿಯಿಂದ ಬೇರೆ ದಾರಿಗೆ ಹಚ್ಚುವ ಮನುಷ್ಯ ಅವನು. ಅಂಥವನ ಅಂಗಡಿಯಲ್ಲಿ, ಯುಗಾದಿಯ ದಿನ, ನಾಲ್ಕು ಜನರ ಎದುರಿಗೆ ಒಬ್ಬ ರಶಿಯನ್ ಮುದುಕ ಸತ್ತುಹೋದನೆಂದರೆ ಅದಕ್ಕೆ ಕಾರಣ ಒಂದು ಚೆಂಡುಹೂವಿನ ಮಾಲೆ ಮತ್ತು ಪಂಚಾಕ್ಷರಿಯ ಬಾಯಿ.

ಪಂಚಾಕ್ಷರಿ ಬೈಲಹೊಂಗಲದ ಕಡೆಯವನು. ಗೋವಾದ ಮೋರ್ಜಿಂನಲ್ಲಿ, ಸಮುದ್ರಕ್ಕೆ ಹೋಗುವ ರಸ್ತೆಯ ಮೇಲೆ ಅವನ ಕಿರಾಣಿ ಅಂಗಡಿ. ಆ ಊರಿಗೆ ಚಳಿಗಾಲದಲ್ಲಿ ರಶಿಯಾದವರು ಎಷ್ಟು ಬರುತ್ತಾರೆಂದರೆ, ಅವನಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯ ಪಕ್ಕದಲ್ಲೇ ಉಪ್ಪುನೀರಿನ ಸೌತೆಕಾಯಿಯ ಬಾಟಲಿ ಇರುತ್ತದೆ. ಬೋರ್ಡಿನ ಮೇಲೆ ರಶಿಯನ್ ಅಕ್ಷರ ಕನ್ನಡಕ್ಕಿಂತ ದಪ್ಪ. ಅಂಗಡಿಯ ಮೇಲೊಂದು ಬಾಡಿಗೆ ಕೋಣೆ. ಅಲ್ಲಿಗೆ ವರ್ಷವರ್ಷವೂ ಬಂದು ಇಡೀ ಚಳಿಗಾಲ ಇರುತ್ತಿದ್ದವರು ಗೆನ್ನಾದಿ ಮತ್ತು ಅವನ ಹೆಂಡತಿ ತಮಾರಾ. ಗೆನ್ನಾದಿ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಸುಮ್ಮನೆ ಕೂತು ಗೊತ್ತಿಲ್ಲ. ಚಡ್ಡಿ ಹಾಕಿಕೊಂಡು ಅಂಗಡಿಗೆ ಇಳಿದು ಬಂದು ಉಳ್ಳಾಗಡ್ಡಿ ತೂಗುತ್ತ ಕೂತುಬಿಡುತ್ತಿದ್ದ. ತೂಗುತ್ತ ತೂಗುತ್ತ ಕನ್ನಡ ಕಲಿತ; ಗಂಡು ಹೆಣ್ಣೆನ್ನದೆ ಎಲ್ಲರಿಗೂ 'ಐತಿ' ಹಚ್ಚುತ್ತಿದ್ದ. "ಏನಬೇ ಯವ್ವಾ, ಎಷ್ಟ ಬೇಕ?" ಎಂದು ಅವನು ಕೇಳಿದರೆ ಮುಧೋಳದಿಂದ ಕೂಲಿಗೆ ಬಂದ ಹೆಂಗಸರು ಕೈಚೀಲ ಕೆಳಗಿಟ್ಟು ನಗುತ್ತಿದ್ದರು. ಅವರ ಬಾಯಲ್ಲಿ ಗೆನ್ನಾದಿ ಎಂದೋ ಗೆನ್ನಪ್ಪನಾಗಿದ್ದ. ತಮಾರಾಗೆ ಮಾತು ಕಡಿಮೆ. ಓಣಿಯ ಪ್ರತಿಯೊಬ್ಬರಿಗೂ ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟಿದ್ದಳು. ಬೆವರು ಆರದ ಆ ಊರಿನಲ್ಲಿ ಅವನ್ನು ಎಲ್ಲರೂ ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಬಳಸುತ್ತಿದ್ದರು.

ಒಂದು ವಸಂತದಲ್ಲಿ ಈ ದಂಪತಿ ಪಂಚಾಕ್ಷರಿಯನ್ನು ತಮ್ಮೂರಿಗೆ ಕರೆದುಕೊಂಡು ಹೋದರು. ವೋಲ್ಗಾ ನದಿಯ ದಂಡೆಯ ಮೇಲೆ ಸಣ್ಣದೊಂದು ಊರು. ತಮಾರಾ ಅವನಿಗೆ ಒಲೆಯ ಪಕ್ಕದಲ್ಲೇ ಹಾಸಿಗೆ ಹಾಕಿ ಮೂರು ರಜಾಯಿ ಹೊದಿಸಿದಳು. ರಾತ್ರಿ ಎದ್ದು ಅವನ ಕಾಲು ಹೊರಗೆ ಬಂದಿವೆಯೇ ಎಂದು ನೋಡಿ ಹೋಗುತ್ತಿದ್ದಳು. ಅವನ ಅವ್ವ ತೀರಿಹೋದ ಮೇಲೆ ಹಾಗೆ ಯಾರೂ ನೋಡಿರಲಿಲ್ಲ. ನದಿಯ ಮೇಲಿನ ಮಂಜುಗಡ್ಡೆ ಒಡೆಯುವುದನ್ನು ಅವನು ನೋಡಿದ. ಬಟಾಟೆ ನೆಡುವುದಕ್ಕೂ ಕೈಹಚ್ಚಿದ. ವ್ಯಾಪಾರಸ್ಥರ ಮಗ, ಮೊಳಕೆಯನ್ನು ಕೆಳಗೆ ಮಾಡಿ ಒಂದು ಇಡೀ ಸಾಲು ನೆಟ್ಟ. ಹೊರಡುವಾಗ ರೈಲ್ವೆ ಸ್ಟೇಶನ್ನಿನಲ್ಲಿ ತಮಾರಾ ಅವನ ಎರಡೂ ಕೈ ಹಿಡಿದು, ಮುಂದಿನ ವಸಂತಕ್ಕೆ ಮತ್ತೆ ಬಾ ಎಂದಳು. "ಬರ್ತೀನಿ ತಮಾರವ್ವ, ಬಂದ ಬರ್ತೀನಿ" ಎಂದ ಪಂಚಾಕ್ಷರಿ.

ಇಲ್ಲಿ ಅವನ ಬಾಯಿಯ ಸ್ವಭಾವ ತಿಳಿಸಬೇಕು. ಮದುವೆಗೆ ಕರೆದರೆ ಬರ್ತೀನಿ, ತೊಟ್ಟಿಲಿಗೆ ಕರೆದರೆ ಬರ್ತೀನಿ, ಆಸ್ಪತ್ರೆಯಲ್ಲಿರುವವರನ್ನು ನೋಡಲು ಬರ್ತೀನಿ. ಹೇಳುವಾಗ ಪೂರಾ ಮನಸ್ಸಿನಿಂದ ಹೇಳುತ್ತಾನೆ, ಅದರಲ್ಲಿ ಕಪಟವಿಲ್ಲ. ಹೇಳಿದ ಕೂಡಲೇ ಅರ್ಧ ಹೋಗಿಬಂದಷ್ಟು ಸಮಾಧಾನ ಅವನಿಗೆ. ಉಳಿದರ್ಧ ಅಂಗಡಿಯ ಗಲ್ಲೆಯ ಹಿಂದೆ ಕೂತೇ ಮುಗಿದುಹೋಗುತ್ತದೆ. ಹೀಗೆ ಒಂದು ವಸಂತ ಹೋಯಿತು, ಮುಂದಿನದು ಹೋಯಿತು, ರೋಗದ ವರ್ಷಗಳು ಬಂದವು, ಆಮೇಲೆ ಆ ಕಡೆ ಯುದ್ಧ. ಮುದುಕರ ಮೊಣಕಾಲು ಕೈಕೊಟ್ಟು ಅವರು ಗೋವಾಕ್ಕೆ ಬರುವುದೂ ನಿಂತಿತು. ಪ್ರತಿ ರವಿವಾರ ಗೆನ್ನಾದಿಯ ವಿಡಿಯೋ ಕಾಲ್ ಮಾತ್ರ ತಪ್ಪಲಿಲ್ಲ. ಈ ಚಳಿಗಾಲದಲ್ಲಿ ಒಮ್ಮೆ ಅವನು ದನಿ ತಗ್ಗಿಸಿ, "ಪಂಚಾಕ್ಷರಿ, ತಮಾರಾ ಆರಾಮ ಇಲ್ಲ. ಹಾರ್ಟ್. ಈ ವಸಂತ ಬಾ. ನಿನ್ನ ಭಾಳ ನೆನಸ್ತೈತಿ" ಎಂದ.

ಪಂಚಾಕ್ಷರಿಯ ಕಣ್ಣು ಒದ್ದೆಯಾದವು. "ಈ ಸಲ ಬರಲಿಲ್ಲಂದ್ರ ನನ್ನ ಹೆಸರ ಪಂಚಾಕ್ಷರಿ ಅಲ್ಲ" ಎಂದು ಆಣೆ ಮಾಡಿದ. ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ತಾನು ವಸಂತಕ್ಕೆ ರಶಿಯಾಕ್ಕೆ ಹೋಗುವ ಸುದ್ದಿ ಹೇಳಿದ. ಟ್ರಂಕು ತೆಗೆದು ನೋಡಿದರೆ ಪಾಸ್‌ಪೋರ್ಟಿನ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಪಣಜಿಗೆ ಹೋಗಿ ಹೊಸದು ಮಾಡಿಸಬೇಕು, ಆಮೇಲೆ ವೀಸಾ. ನಾಳೆ ಹೋದರಾಯಿತು ಎಂದು ಟ್ರಂಕು ಮುಚ್ಚಿದ. ಆ ನಾಳೆ ಯುಗಾದಿಯವರೆಗೂ ಬರಲಿಲ್ಲ.

ಅಷ್ಟರಲ್ಲಿ ಸುದ್ದಿ ಕನ್ನಡ ಸಂಘದ ಅಧ್ಯಕ್ಷ ಹಣಮಪ್ಪನಿಗೆ ಮುಟ್ಟಿತ್ತು. ಡಿಚೋಲಿಯ ಗಣಿಗಳಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದು, ಗಣಿ ನಿಂತ ಮೇಲೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ ಈ ಹಣಮಪ್ಪನಿಗೆ ಸಭೆ ಮಾಡುವುದೆಂದರೆ ಪ್ರಾಣ. ರಶಿಯಾಕ್ಕೆ ಹೊರಟ ಕನ್ನಡಿಗನಿಗೆ ಶಾಲು ಹೊದಿಸಿ ಬೀಳ್ಕೊಡದಿದ್ದರೆ ಸಂಘ ಇದ್ದು ಏನು ಉಪಯೋಗ ಎಂದು, ದಿನಾಂಕ ಕೇಳಲು ಯುಗಾದಿಯ ಬೆಳಿಗ್ಗೆ ಅಂಗಡಿಗೆ ಬಂದ.

ಅದಕ್ಕೂ ಒಂದು ತಾಸು ಮೊದಲು ಪಂಚಾಕ್ಷರಿಯ ಹೆಂಡತಿ ಅನ್ನಪೂರ್ಣವ್ವ ಅಂಗಡಿಯ ಫೋಟೋಗಳನ್ನೆಲ್ಲ ಒರೆಸಿ ಮಾಲೆ ಹಾಕಿದ್ದಳು. ಲಕ್ಷ್ಮಿಗೊಂದು, ಬಸವಣ್ಣನಿಗೊಂದು, ತೀರಿಹೋದ ಮಾವನಿಗೊಂದು. ಹೂವಿನವಳು ಹಬ್ಬವೆಂದು ಒಂದು ಮಾಲೆ ಹೆಚ್ಚಿಗೆ ಕೊಟ್ಟಿದ್ದಳು. ಸಾಲಿನ ಕೊನೆಗೆ ಗೆನ್ನಾದಿ ಸಲಿಕೆ ಹಿಡಿದು ನಿಂತ ದೊಡ್ಡ ಫೋಟೋ ಇತ್ತು. ಹೂವು ಯಾಕೆ ಬಾಡಬೇಕು ಎಂದು ಅದನ್ನು ಅವನ ಕೊರಳಿಗೆ ಹಾಕಿ, ಕೈ ತೊಳೆದು ಹೋಳಿಗೆ ಮಾಡಲು ಒಳಗೆ ಹೋದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಆದರೆ ನಮ್ಮ ಕಡೆ ಗೋಡೆಯ ಮೇಲಿನ ಮನುಷ್ಯನ ಕೊರಳಿಗೆ ಮಾಲೆ ಬಿದ್ದರೆ ಅರ್ಥ ಒಂದೇ.

ಮೊದಲು ನೋಡಿದವಳು ಚಂದವ್ವ. ಪಕ್ಕದಲ್ಲೇ ಹೋಟೆಲುಗಳ ಬಟ್ಟೆ ಇಸ್ತ್ರಿ ಮಾಡುವವಳು, ಬೇವು-ಬೆಲ್ಲಕ್ಕೆಂದು ಬೆಲ್ಲ ಒಯ್ಯಲು ಬಂದಿದ್ದಳು. ತಲೆ ಎತ್ತಿದವಳೇ ಎದೆಗೆ ಕೈ ಹಚ್ಚಿದಳು.

"ಅಯ್ಯಯ್ಯ ನಮ್ಮ ಗೆನ್ನಪ್ಪಾ! ಯಾವಾಗ ಹ್ವಾದ್ಯೋ ಯಪ್ಪಾ! ಉಳ್ಳಾಗಡ್ಡಿ ತೂಗವ್ರಿಲ್ಲಂಗ ಮಾಡಿ ಹ್ವಾದ್ಯಲ್ಲೋ!"

ಚಂದವ್ವ ಅಳುವುದರಲ್ಲಿ ಹೆಸರಾದ ಹೆಂಗಸು. ದನಿ ಮೀನು ಮಾರುಕಟ್ಟೆಯವರೆಗೂ ಹೋಯಿತು. ಪಂಚಾಕ್ಷರಿ ತಿರುಗಿ ಫೋಟೋ ನೋಡಿದ, ಮಾಲೆ ನೋಡಿದ, "ಇಲ್ಲಬೇ ಚಂದವ್ವ" ಎನ್ನಲು ಬಾಯಿ ತೆರೆದ. ಸರಿಯಾಗಿ ಅದೇ ಗಳಿಗೆಗೆ ಹಣಮಪ್ಪ ಒಳಗೆ ಬಂದು ಚಪ್ಪಲಿ ಬಿಟ್ಟು ನಿಂತ.

"ಎಂಥಾ ಸುದ್ದಿರಿ ಸಾವ್ಕಾರ್ರ! ನಾ ನೋಡಿದ್ರ ನಿಮ್ಮ ಸನ್ಮಾನದ ತಾರೀಖು ಕೇಳಾಕ ಬಂದೇನಿ. ಇನ್ನ ರಶಿಯಾ ಪ್ರಯಾಣದ್ದು ಹ್ಯಾಂಗ್ರಿ?"

ತಾರೀಖು ಎಂಬ ಮಾತು ಕೇಳಿದ್ದೇ ಪಂಚಾಕ್ಷರಿಯ ಕಣ್ಣ ಮುಂದೆ ಟ್ರಂಕಿನ ತಳದ ಪಾಸ್‌ಪೋರ್ಟು ಬಂತು. ಇಲ್ಲವೆನ್ನಲು ತೆರೆದ ಬಾಯಿ ತನ್ನಷ್ಟಕ್ಕೆ ತಾನೇ ಬೇರೆ ಮಾತಾಡಿತು.

"ಇನ್ನ ಯಾರ್ನ ನೋಡಾಕ ಹೋಗ್ಲಿರಿ ಅಧ್ಯಕ್ಷರ..."

ಗೆನ್ನಾದಿ ಸತ್ತ ಎಂದು ಪಂಚಾಕ್ಷರಿ ಎಲ್ಲೂ ಹೇಳಿಲ್ಲ, ಗಮನಿಸಬೇಕು. ಅವನು ಒಂದು ಪ್ರಶ್ನೆ ಕೇಳಿದನಷ್ಟೇ. ಆದರೆ ಪ್ರಶ್ನೆಯ ಕೊನೆಗೆ ಒಂದು ನಿಟ್ಟುಸಿರೂ ಬಂತು. ಎರಡು ದಿನ ಬಿಟ್ಟು, ಸುದ್ದಿ ಸುಳ್ಳಂತೆ ಎಂದು ಹೇಳಿದರಾಯಿತು ಎಂದುಕೊಂಡ.

ಗದ್ದಲ ಕೇಳಿ ಅನ್ನಪೂರ್ಣವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ವಿಷಯ ತಿಳಿದು ಅಲ್ಲೇ ಅಕ್ಕಿ ಚೀಲದ ಮೇಲೆ ಕುಸಿದಳು. ಮಾಲೆ ಹಾಕಿದವಳು ತಾನೇ ಎಂಬುದು ಆ ಹೊತ್ತಿಗೆ ಅವಳ ತಲೆಯಲ್ಲೇ ಇರಲಿಲ್ಲ.

"ಯಾವಾಗ ತಿಳೀತ್ರಿ ನಿಮಗ?" ಎಂದಳು. "ಹಬ್ಬ ಕೆಡಬಾರ್ದಂತ ಹೊಟ್ಟ್ಯಾಗ ಇಟ್ಕೊಂಡಿದ್ರೇನ? ಒಬ್ರ ನುಂಗಿಕೊಂಡ ಕುಂತಿದ್ರೇನ?"

ಮದುವೆಯಾದಂದಿನಿಂದ ಅವಳು ಗಂಡನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. ಪಂಚಾಕ್ಷರಿ ಆ ನೋಟಕ್ಕೆ ಸೋತ. ನಿಜ ಹೇಳುವುದಕ್ಕೆ ಇದ್ದ ಒಳ್ಳೆಯ ಅವಕಾಶ ಅದೊಂದೇ, ಅದೂ ಹೋಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಚಂದವ್ವ ತನ್ನ ಮನೆಯಿಂದ ಅನ್ನ, ಸಪ್ಪಗಿನ ಸಾರು ತಂದಿಟ್ಟಳು. ಅನ್ನಪೂರ್ಣವ್ವನ ಹೋಳಿಗೆಯ ಹೂರಣ ಬೆಕ್ಕಿನ ಪಾಲಾಯಿತು. ಹೋಳಿಗೆ ಎಂದರೆ ಬಾಯಿಬಿಡುವ ಪಂಚಾಕ್ಷರಿ ಯುಗಾದಿಯ ದಿನ ಸಪ್ಪಗಿನ ಸಾರು ಉಂಡ.

ಎರಡನೆಯ ದಿನ ಸುದ್ದಿ ಸುಳ್ಳು ಎನ್ನಲು ಅವನು ಎದ್ದು ಹೊರಗೆ ಬಂದರೆ, ರಸ್ತೆ ಕೂಡುವಲ್ಲಿ ಆಗಲೇ ಬ್ಯಾನರ್ ನಿಂತಿತ್ತು. ಮಾಪ್ಸಾದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಶಫೀಸಾಬ ಸಂಘದ ಖಜಾಂಚಿ. ಬ್ಯಾನರ್ ಅವನ ಸೇವೆ. "ಭಾವಪೂರ್ಣ ಶ್ರದ್ಧಾಂಜಲಿ. ದಿವಂಗತ ಶ್ರೀ ಗೆನ್ನಪ್ಪ ರಶಿಯಾ. ಮತ್ತೆ ಹುಟ್ಟಿ ಬಾ ಕನ್ನಡದ ಕಂದ." ಮಾಲೆ ಹಾಕಿದ ಗೆನ್ನಾದಿಯ ಮುಖ ಒಂದು ಮೂಲೆಯಲ್ಲಿತ್ತು. ಅದಕ್ಕಿಂತ ದೊಡ್ಡದಾಗಿ ಹಣಮಪ್ಪ ಕಪ್ಪು ಕನ್ನಡಕ ಹಾಕಿ ಕೈ ಮುಗಿದಿದ್ದ. ಕೆಳಗೆ ಸಂಘದ ಪದಾಧಿಕಾರಿಗಳ ಮುಖಗಳು ಸಾಲಾಗಿ ನಗುತ್ತಿದ್ದವು.

"ನಗಲಾರದ ಫೋಟೋ ಸಿಗಲಿಲ್ರಿ ಸಾವ್ಕಾರ್ರ" ಎಂದ ಶಫೀಸಾಬ. "ರಾಜ್ಯೋತ್ಸವದ ಫೈಲ್ ಇತ್ತು, ಅದನ್ನ ಹಾಕಿದ್ವಿ."

ಬ್ಯಾನರ್ ನೋಡಿ ಮಧ್ಯಾಹ್ನದ ಹೊತ್ತಿಗೆ ಪೊಲೀಸನೊಬ್ಬ ಬಂದ. ವಿದೇಶದವರಿಗೆ ಕೋಣೆ ಕೊಟ್ಟರೆ ಠಾಣೆಗೆ ತಿಳಿಸಬೇಕೆಂಬುದು ಅಲ್ಲಿಯ ನಿಯಮ. ಸತ್ತರೆ ತಿಳಿಸದೆ ಬ್ಯಾನರ್ ಹಾಕುವುದೇ?

"ಬಾಡಿ ಕಿದರ್ ಹೈ?" ಎಂದ.

"ಬಾಡಿ ರಶಿಯಾ ಮೆ ಹೈ ಸಾಹೇಬ" ಎಂದ ಪಂಚಾಕ್ಷರಿ.

"ಆದ್ಮೀ ಉದರ್ ಮರಾ, ತೋ ಬ್ಯಾನರ್ ಇದರ್ ಕೈಕೊ?"

ಪಂಚಾಕ್ಷರಿ ಮೇಲಿನ ಕೋಣೆಯ ಬೀಗದ ಕೈ ತೆಗೆದುಕೊಟ್ಟ. ಪೊಲೀಸ ಮೇಲಿನ ಕೋಣೆಗೆ ಹತ್ತಿ, ಮಂಚದ ಕೆಳಗೆ ಬಗ್ಗಿ ನೋಡಿ, ಉಳ್ಳಾಗಡ್ಡಿ ಚೀಲಗಳ ಹೊರತು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿದ. ಹೋಗುವಾಗ ಫೋಟೋದ ಮುಂದೆ ಟೋಪಿ ತೆಗೆದು, "ಅಚ್ಛಾ ಆದ್ಮೀ ಥಾ" ಎಂದ. ಸರಕಾರವೇ ಟೋಪಿ ತೆಗೆದ ಮೇಲೆ ಸತ್ತವನನ್ನು ಎಬ್ಬಿಸುವುದು ಪಂಚಾಕ್ಷರಿಯಂಥ ಸಾಮಾನ್ಯನಿಂದ ಆಗುವ ಕೆಲಸವಾಗಿರಲಿಲ್ಲ.

ರವಿವಾರ ಬಂತು. ಅಂಗಡಿಯಲ್ಲಿ ಸಾವಿನ ಸಲುವಾಗಿ ಮಾತಾಡಿಸಲು ಬಂದವರು ಕೂತಿದ್ದಾಗ ಗಲ್ಲೆಯ ಮೇಲಿದ್ದ ಮೊಬೈಲು ಹೊಡೆದುಕೊಂಡಿತು. ತೆರೆಯ ಮೇಲೆ ಗೆನ್ನಾದಿಯ ಮುಖ. ಪಂಚಾಕ್ಷರಿ ಅದನ್ನು ಗಬಕ್ಕನೆ ಎತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದ. ಸೋಮವಾರ ಮತ್ತೆ ಬಂತು. ಮಂಗಳವಾರ ಎರಡು ಸಲ. ಎಂದೂ ರವಿವಾರ ಬಿಟ್ಟು ಬೇರೆ ದಿನ ಮಾಡದವನು ಯಾಕೆ ಹೀಗೆ ಮಾಡುತ್ತಿದ್ದಾನೆ ಎಂಬ ಯೋಚನೆ ಪಂಚಾಕ್ಷರಿಗೆ ಬರದೆ ಇರಲಿಲ್ಲ. ಆದರೆ ಏನೆಂದು ಮಾತಾಡುವುದು? ಬರ್ತೀನಿ ಎಂದರೆ ಅದು ಸುಳ್ಳು. ಬರುವುದಿಲ್ಲ ಎನ್ನಲು ಬಾಯಿಗೆ ಅಭ್ಯಾಸವಿಲ್ಲ. ಈ ಗದ್ದಲ ಮುಗಿಯಲಿ, ನಿಧಾನವಾಗಿ ಮಾತಾಡಿದರಾಯಿತು ಎಂದು ಬಿಟ್ಟ.

ಬುಧವಾರ ಚಂದವ್ವ ಗಲ್ಲೆಯ ಹತ್ತಿರವೇ ನಿಂತಿದ್ದಳು. ಡಬ್ಬಿಯೊಳಗಿಂದ ಗುಂಯ್‌ಗುಟ್ಟುವ ಸದ್ದು ಕೇಳಿ ಮುಚ್ಚಳ ತೆಗೆದಳು. ಹಿಟ್ಟಿನ ನಡುವಿನಿಂದ ಗೆನ್ನಪ್ಪ ಅವಳನ್ನೇ ನೋಡುತ್ತಿದ್ದ.

"ಯವ್ವಾ! ಸತ್ತಾವ ಫೋನ್ ಮಾಡಾಕತ್ತಾನ!"

"ಅವ ಅಲ್ಲಬೇ, ಅವನ ಮಗ" ಎಂದ ಪಂಚಾಕ್ಷರಿ. ಗೆನ್ನಾದಿಗೆ ಮಕ್ಕಳಿರಲಿಲ್ಲ. "ಅಪ್ಪನ ಫೋನಿಂದ ಮಾಡ್ತಾನ. ನನಗ ಅಳು ತಡಿಯಾಕ ಆಗೂದಿಲ್ಲ, ಅದಕ್ಕ ತಗಿಯಾಂಗಿಲ್ಲ."

ಹೀಗೆ ಒಂದು ವಾರದೊಳಗೆ ಪಂಚಾಕ್ಷರಿ ಒಬ್ಬನನ್ನು ಸಾಯಿಸಿ ಇನ್ನೊಬ್ಬನನ್ನು ಹುಟ್ಟಿಸಿದ. ಮಗನಿದ್ದಾನೆಂದು ತಿಳಿದ ಹಣಮಪ್ಪ ಸುಮ್ಮನೆ ಬಿಡುವ ಆಸಾಮಿಯೇ? ಬರುವ ರವಿವಾರದ ಶ್ರದ್ಧಾಂಜಲಿ ಸಭೆಯಲ್ಲಿ ಇಡೀ ಸಂಘದ ಸಾಂತ್ವನವನ್ನು ಆ ಮಗನಿಗೆ ನೇರವಾಗಿ ತಲುಪಿಸಬೇಕೆಂದು ಠರಾವು ಮಾಡಿದ. ಗುರುವಾರ ಒಂದೇ ಸಲ ಕಾಲ್ ಬಂತು. ಆಮೇಲೆ ಶುಕ್ರವಾರ, ಶನಿವಾರ ಬರಲೇ ಇಲ್ಲ. ಪಂಚಾಕ್ಷರಿಗೆ ಹಾಯೆನಿಸಿತು.

ರವಿವಾರ ಸಂಜೆ ಅಂಗಡಿಯ ಮುಂದೆ ಶಾಮಿಯಾನ. ಕುರ್ಚಿಗಳ ಮೇಲೆ ವೆರ್ಣಾದ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಂದವರು, ಕಟ್ಟಡದ ಕೆಲಸದವರು, ಮಕ್ಕಳನ್ನು ಕಟ್ಟಿಕೊಂಡು ಹೆಂಗಸರು. ವೇದಿಕೆಯ ಹಿಂದೆ ಅದೇ ಬ್ಯಾನರ್. ಶಫೀಸಾಬ ದೊಡ್ಡ ಟಿವಿಯೊಂದನ್ನು ತಂದು ಮೊಬೈಲಿಗೆ ಜೋಡಿಸುವ ಏರ್ಪಾಡು ಮಾಡಿದ್ದ. ಹಣಮಪ್ಪ ಮಾತಾಡಿದ: ಗೆನ್ನಪ್ಪ ರಶಿಯಾದಲ್ಲಿ ಹುಟ್ಟಿದರೂ ಅವನ ಉಸಿರು ಕನ್ನಡ, ಅವನು ತೂಗಿದ ಉಳ್ಳಾಗಡ್ಡಿಯಲ್ಲಿ ಎಂದೂ ಮೋಸವಿರಲಿಲ್ಲ. ಚಂದವ್ವ ಮುಂದಿನ ಸಾಲಿನಲ್ಲಿ ಸೆರಗು ಕಚ್ಚಿ ಬಿಕ್ಕುತ್ತಿದ್ದಳು. "ಈಗ ಅವರ ಜೀವದ ಗೆಳೆಯರಾದ ಪಂಚಾಕ್ಷರಿ ಸಾವ್ಕಾರ್ರು ಎರಡು ಮಾತು" ಎಂದಾಗ ಪಂಚಾಕ್ಷರಿ ಮೈಕಿನ ಮುಂದೆ ನಿಂತ. "ಗೆನ್ನಾದಿ ಭಾಳ ಚಲೋ ಮನಷ್ಯಾ..." ಎನ್ನುವಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಮೊಬೈಲು ಹೊಡೆದುಕೊಂಡಿತು.

"ಮಗನ ಫೋನ್! ತಗೀರಿ, ತಗೀರಿ!" ಎಂದು ಹಣಮಪ್ಪ ಅದನ್ನು ಕಸಿದುಕೊಂಡ. ಪಂಚಾಕ್ಷರಿ "ಬ್ಯಾಡ್ರಿ, ಬ್ಯಾಡ್ರಿ ಅಧ್ಯಕ್ಷರ" ಎಂದು ಅಂಗಲಾಚಿದ್ದು ಅತಿಯಾದ ದುಃಖವೆಂದು ತಿಳಿದು ನಾಲ್ಕು ಜನ ಅವನನ್ನು ಹಿಡಿದು ಕುರ್ಚಿಗೆ ಕೂರಿಸಿದರು. ಶಫೀಸಾಬ ಎರಡು ಗುಂಡಿ ಒತ್ತಿದ. ಟಿವಿಯ ತುಂಬ ಗೆನ್ನಾದಿ ಕಾಣಿಸಿಕೊಂಡ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು.

"ಎಲ್ಲಾರೂ ಆರಾಮ ಅದೀರಿ? ಊಟ ಆತೇನ್ರಿ?" ಎಂದಿತು ಟಿವಿ.

ಚಂದವ್ವ ಕುರ್ಚಿಸಮೇತ ಹಿಂದಕ್ಕೆ ಬಿದ್ದಳು. ಯಾರೋ "ದೆವ್ವೋ!" ಎಂದರು. ಒಂದು ಕೂಸು ಹೋ ಎಂದು ಅಳತೊಡಗಿತು. ಹಣಮಪ್ಪ ಕಪ್ಪು ಕನ್ನಡಕ ತೆಗೆದು ಟಿವಿ ನೋಡಿದ, ಬ್ಯಾನರ್ ನೋಡಿದ, ಕೊನೆಗೆ ಪಂಚಾಕ್ಷರಿಯನ್ನು ನೋಡಿದ. ಮೊಬೈಲಿನ ಕ್ಯಾಮೆರಾದಲ್ಲಿ ಗೆನ್ನಾದಿಯೂ ತನ್ನ ಕಡೆಯಿಂದ ಬ್ಯಾನರ್ ನೋಡುತ್ತಿದ್ದ. ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಆದರೆ ಮಾಲೆ ಹಾಕಿದ ಫೋಟೋ ಏನೆಂದು ಇಷ್ಟು ವರ್ಷ ಗೋವಾದಲ್ಲಿ ಕಳೆದವನಿಗೆ ಗೊತ್ತಿತ್ತು.

"ಅದ ನಾ ಏನ?" ಎಂದ. "ಪಂಚಾಕ್ಷರಿ, ನಾ ಸತ್ತೇನಿ?"

ಮೊದಲು ನಕ್ಕವರು ವೆರ್ಣಾದ ಹುಡುಗರು. ಆಮೇಲೆ ಶಾಮಿಯಾನವೇ ನಕ್ಕಿತು. ಚಂದವ್ವ ಕೆಳಗಿಂದ ಎದ್ದು, "ನಿನ್ನ ಸಲುವಾಗಿ ಎಷ್ಟ ಅತ್ತೇನಿ ಗೊತ್ತೈತೇನ ಮುದುಕಾ, ನನ್ನ ಕಣ್ಣೀರ ತಿರಗಿ ಕೊಡ" ಎಂದು ಟಿವಿಗೆ ಬೈದಳು. ಅನ್ನಪೂರ್ಣವ್ವ ಮಾತ್ರ ನಗಲಿಲ್ಲ. ಗಂಡನ ಕಡೆ ತಿರುಗಿ ನೋಡಿದಳು. ಯುಗಾದಿಯ ದಿನ ಬಂದಿದ್ದ ಗೌರವ ಅವಳ ಕಣ್ಣಿನಿಂದ ಇಳಿದುಹೋಗುವುದನ್ನು ಪಂಚಾಕ್ಷರಿ ಕೂತಲ್ಲಿಂದಲೇ ಕಂಡ. ಗೆನ್ನಾದಿಯೂ ನಗಲು ನೋಡಿದ, ಬಾಯಿ ನಗುವಿನವರೆಗೆ ಹೋಗಲಿಲ್ಲ.

"ನಾ ಅಲ್ಲರಿ" ಎಂದ. "ತಮಾರಾ."

ನಗು ಒಂದೊಂದೇ ಕುರ್ಚಿಯಲ್ಲಿ ನಿಂತಿತು. ಅನ್ನಪೂರ್ಣವ್ವ ಎದ್ದು ಟಿವಿಯ ಹತ್ತಿರ ಹೋದಳು. "ಯಾವಾಗ ಅಣ್ಣಾ?"

"ಗುರುವಾರ, ಅಕ್ಕಾ. ಆಸ್ಪತ್ರ್ಯಾಗ ಇತ್ತು. ಪಂಚಾಕ್ಷರಿಗೆ ಫೋನ್ ಹಚ್ಚು, ಮಾತಾಡ್ತೀನಿ ಅಂತು. ನಾ ಹಚ್ಚಿದೆ, ಹಚ್ಚಿದೆ. ಪಂಚಾಕ್ಷರಿ ತಗೀಲಿಲ್ಲ." ಗೆನ್ನಾದಿ ಕನ್ನಡದಲ್ಲಿ ಮಾತು ಹುಡುಕಿದ. "ಯಾಕ ತಗಿಯವಲ್ಲ ಅಂತ ತಮಾರಾ ಕೇಳ್ತು. ನಾ ಸುಳ್ಳ ಹೇಳಿದೆ. ಪಂಚಾಕ್ಷರಿ ವಿಮಾನದಾಗ ಐತಿ, ಬರಾಕತ್ತೈತಿ, ಅದಕ್ಕ ತಗಿಯಂಗಿಲ್ಲ ಅಂದೆ. ತಮಾರಾ ಭಾಳ ಖುಷಿ ಆತು. ಮನಿಗೆ ಹೋಗು, ಒಲಿ ಹಚ್ಚು, ಅವಗ ಥಂಡಿ ಆಗ್ತೈತಿ ಅಂತು. ನಾ ಹೋದೆ. ಒಲಿ ಹಚ್ಚಿ ತಿರಗಿ ಬಂದೆ. ಆಗ ತಮಾರಾ ಇದ್ದಿಲ್ಲ."

ಅನ್ನಪೂರ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಹೇಳದೆ ಸಭೆ ಎದ್ದು ನಿಂತಿತು. ಅಳುವುದರಲ್ಲಿ ಹೆಸರಾದ ಚಂದವ್ವ, ಬಿದ್ದಿದ್ದ ತನ್ನ ಕುರ್ಚಿಯನ್ನು ಎತ್ತಿ ನೆಟ್ಟಗೆ ಇಟ್ಟಳು. ಶಫೀಸಾಬ ಬ್ಯಾನರ್ ಬಿಚ್ಚಲು ಹೋಗಿ, ಬಿಚ್ಚುವುದೋ ಬೇಡವೋ ತಿಳಿಯದೆ ಹಗ್ಗ ಹಿಡಿದುಕೊಂಡು ನಿಂತ. ಕೂತಿದ್ದವನು ಪಂಚಾಕ್ಷರಿ ಒಬ್ಬನೇ. ಅವನ ಕುರ್ಚಿ ಮೈಕಿನ ಬುಡದಲ್ಲೇ ಇತ್ತು.

"ಗೆನ್ನಾದಿ" ಎಂದ ಕೊನೆಗೆ. ಮೈಕು ಇನ್ನೂ ಚಾಲೂ ಇತ್ತು, ಅವನ ದನಿ ರಸ್ತೆಯವರೆಗೂ ಕೇಳಿತು. "ನನ್ನದ ತಪ್ಪಾತು ಗೆನ್ನಾದಿ. ನಾಳಿನ ಪಣಜಿಗಿ ಹೋಗಿ ಪಾಸ್‌ಪೋರ್ಟ್ ಮಾಡಸ್ತೀನಿ. ಬರ್ತೀನಿ. ಈ ಸಲ ಖರೇ ಬರ್ತೀನಿ, ಲಗೂನ ಬರ್ತೀನಿ."

ಗೆನ್ನಾದಿ ಬೈಯಲಿಲ್ಲ. ತಲೆ ಆಡಿಸಿದ.

"ಬಾ ಪಂಚಾಕ್ಷರಿ" ಎಂದ. "ಆದರ ಈಗ ಅವಸರ ಇಲ್ಲ."